ಹಳೆಯ ಫೈಬರ್ ದೋಣಿಯ ಜೀರ್ಣೋದ್ಧಾರ: ನೆಲಹಲಗೆ ಮತ್ತು ಒಳತೊಲೆಗಳ ವಿಚಾರ

ಫೈಬರ್ ದೋಣಿಗೆ ಹೊಳೆಯ ನೀರಿಗಿಂತ ಮಳೆಯ ನೀರೇ ದೊಡ್ಡ ಶತ್ರುವೆಂಬ ಮಾತು ಮೊದಲ ಸಲ ಕೇಳಿದವರಿಗೆ ವಿಪರೀತವೆನಿಸಬಹುದಾದರೂ, ಖಾನಾಪುರ ತಾಲ್ಲೂಕಿನ ಮಳೆಯನ್ನು ನಾಲ್ಕಾರು ವರ್ಷ ಬಯಲಿನಲ್ಲಿ ನಿಂತು ಸಹಿಸಿದ ಯಾವುದಾದರೊಂದು ದೋಣಿಯ ನೆಲಹಲಗೆಯನ್ನು ಕಿತ್ತು ನೋಡಿದವರಿಗೆ ಅದರ ಸತ್ಯತೆಯಲ್ಲಿ ಸಂದೇಹವುಳಿಯಲಾರದು. ಹೊಳೆಯ ನೀರು ದೋಣಿಯ ಹೊರಮೈಯನ್ನು ತೊಳೆದು ಹೋಗುತ್ತದೆ. ಮಳೆಯ ನೀರಾದರೋ ಮೇಲಿನಿಂದ ಬಿದ್ದು, ಆಸನದ ತಿರುಪುಗಳ ರಂಧ್ರಗಳಲ್ಲಿಯೂ ನೆಲದ ಅಂಚಿನ ಬಿರುಕುಗಳಲ್ಲಿಯೂ ಇಳಿದು, ಬೆಳಕಾಗಲಿ ಗಾಳಿಯಾಗಲಿ ಸುಳಿಯದ ಒಡಲಿನಲ್ಲಿ ತಿಂಗಳುಗಟ್ಟಲೆ ನೆಲೆಸುತ್ತದೆ.

ಇದರ ಕಾರಣವು ಸರಳವಾದುದು. ಫೈಬರ್ ದೋಣಿಯೆಂದು ನಾವು ಕರೆಯುವ ವಸ್ತುವಿನಲ್ಲಿ ಗಾಜಿನ ನೂಲು ಮತ್ತು ಪಾಲಿಯೆಸ್ಟರ್ ರೆಸಿನ್ನುಗಳಿಂದಾದುದು ಹೊರಗಿನ ಕವಚ. ಆ ಕವಚಕ್ಕೆ ಬಿಗಿತವನ್ನು ಕೊಟ್ಟು, ಮೇಲೆ ನಿಂತವರ ಭಾರವನ್ನು ಹೊತ್ತು, ಎಂಜಿನ್ನಿನ ನೂಕನ್ನು ತಾಳಿಕೊಳ್ಳುವ ಒಳಗಿನ ಅಂಗಗಳು ಬಹುತೇಕ ಹಳೆಯ ದೋಣಿಗಳಲ್ಲಿ ಮರದವೇ ಆಗಿರುತ್ತವೆ. ಗಾಜಿಗೂ ರೆಸಿನ್ನಿಗೂ ಕೊಳೆಯುವ ಧರ್ಮವಿಲ್ಲ, ಮರಕ್ಕುಂಟು. ಮರದೊಳಗಿನ ತೇವಾಂಶವು ನೂರಕ್ಕೆ 20ನ್ನು ಮೀರಿ ಬಹುಕಾಲ ನಿಂತಿತೆಂದರೆ ಶಿಲೀಂಧ್ರಗಳು ಅದರಲ್ಲಿ ಮನೆಮಾಡುತ್ತವೆ. ಉಪ್ಪುನೀರು ಇವುಗಳ ಬೆಳವಣಿಗೆಯನ್ನು ಒಂದಿಷ್ಟು ತಡೆಯುವುದರಿಂದ, ಗೋವೆಯ ಕಡಲಿನಲ್ಲಿ ಗಟ್ಟಿಯಾಗಿಯೇ ಬಾಳಿದ ದೋಣಿಯೊಂದು ಚೋರ್ಲಾ ಘಟ್ಟವನ್ನೇರಿ, ಕಣಕುಂಬಿ ಜಾಂಬೋಟಿಗಳ ಮಾರ್ಗವಾಗಿ ಸಿಹಿನೀರಿನ ನಾಡಿಗೆ ಬಂದ ಬಳಿಕ, ಕೆಲವೇ ಮಳೆಗಾಲಗಳಲ್ಲಿ ಒಳಗೊಳಗೇ ಮೆತ್ತಗಾಗುವುದುಂಟು.

ಬೆಳಗಾವಿಯ ಸೀಮೆಗೆ ಸಮುದ್ರವಿಲ್ಲ. ಆದರೆ ದೋಣಿಯ ಬಳಕೆಯಿದೆ. ಕೋಟೆ ಕೆರೆಯ ವಿಹಾರದ ದೋಣಿಗಳಿಂದ ಮೊದಲುಗೊಂಡು, ಹಿಡಕಲ್ ಜಲಾಶಯದ ಹಿನ್ನೀರು, ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಪಕ್ಕದಲ್ಲಿ ಹರಿಯುವ ಮಲಪ್ರಭೆ, ಉತ್ತರದ ತಾಲ್ಲೂಕುಗಳ ಕೃಷ್ಣೆ, ಇವುಗಳ ದಡದಲ್ಲಿ ಮೀನುಗಾರರೂ ತೋಟದವರೂ ಇಂಥ ದೋಣಿಗಳನ್ನು ಇಟ್ಟುಕೊಂಡಿರುತ್ತಾರೆ. ಅಂಥವರ ಉಪಯೋಗಕ್ಕಾಗಿ, ಹದಿನಾಲ್ಕು ಹದಿನಾರು ಅಡಿ ಉದ್ದದ ಸಾಧಾರಣ ದೋಣಿಯೊಂದನ್ನು ದೃಷ್ಟಿಯಲ್ಲಿರಿಸಿಕೊಂಡು ಈ ಕೆಲಸದ ಕ್ರಮವನ್ನು ಇಲ್ಲಿ ನಿರೂಪಿಸಲಾಗಿದೆ. ಇದರಲ್ಲಿ ಮುಖ್ಯವಾದ ಸೂತ್ರ ಒಂದೇ: ನೆಲಹಲಗೆ ಕೊಳೆತದ್ದು ರೋಗದ ಲಕ್ಷಣ ಮಾತ್ರ, ರೋಗದ ಮೂಲವಿರುವುದು ಅದರ ಕೆಳಗೆ. ಆದುದರಿಂದ ಒಳತೊಲೆಗಳನ್ನು ಕಣ್ಣಾರೆ ಕಾಣುವವರೆಗೆ ಹೊಸ ಹಲಗೆಗೆ ಹಣ ಕೊಡತಕ್ಕದ್ದಲ್ಲ.

ಒಡಲಿನ ರಚನೆ

ನಮ್ಮ ಕಡೆಯ ಹಳೆಯ ಮಾಳಿಗೆಮನೆಗಳಲ್ಲಿ ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಎಂಬ ಕ್ರಮವಿರುವಂತೆ, ದೋಣಿಯಲ್ಲಿಯೂ ಮೂತಿಯಿಂದ ಹಿಂಬದಿಯವರೆಗೆ ಉದ್ದಕ್ಕೆ ಸಾಗುವ ಎರಡೋ ಮೂರೋ ತೊಲೆಗಳು, ಅವುಗಳನ್ನು ಅಲ್ಲಲ್ಲಿ ಅಡ್ಡಲಾಗಿ ಬಂಧಿಸುವ ಪಟ್ಟಿಗಳು, ಇವುಗಳ ಮೇಲೆ ನೆಲಹಲಗೆ ಎಂಬ ಅನುಕ್ರಮವಿರುತ್ತದೆ. ದೋಣಿ ಕಟ್ಟುವವರು ಸ್ಟ್ರಿಂಗರ್ ಎಂದು ಕರೆಯುವ ಆ ಉದ್ದನೆಯ ತೊಲೆಗಳನ್ನು ಒಡಲಿನ ತಳಕ್ಕೆ ಕೂಡಿಸಿ, ರೆಸಿನ್ನಿನಲ್ಲಿ ತೋಯಿಸಿದ ಗಾಜಿನ ಮ್ಯಾಟಿನಿಂದ ಸುತ್ತಲೂ ಹೊದಿಸಿರುತ್ತಾರೆ. ಹೊದಿಕೆಯು ದಪ್ಪವಾಗಿದ್ದರೆ ಒಳಗಿನ ಮರವು ಒಂದು ಅಚ್ಚಿನ ಕೆಲಸವನ್ನಷ್ಟೇ ಮಾಡಿ, ನಿಜವಾದ ಬಲವು ಗಾಜಿನದೇ ಆಗಿರುತ್ತದೆ; ತೆಳುವಾಗಿದ್ದರೆ ಭಾರವೆಲ್ಲವೂ ಮರದ ಮೇಲೆಯೇ ಬೀಳುತ್ತದೆ. ಸಣ್ಣ ದೋಣಿಗಳಲ್ಲಿ ಎರಡನೆಯ ಸ್ಥಿತಿಯೇ ಹೆಚ್ಚು. ತೊಲೆಗಳ ನಡುವಣ ಅವಕಾಶದಲ್ಲಿ ಅನೇಕ ದೋಣಿಗಳಿಗೆ ಫೋಮ್ ತುಂಬಿರುತ್ತಾರೆ. ದೋಣಿ ಮಗುಚಿದರೂ ಮುಳುಗದಿರಲೆಂಬುದು ಅದರ ಉದ್ದೇಶ.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಬೇಕಾದ ಸಾಧನಗಳು ಅಲ್ಪ: ಒಂದು ಸಣ್ಣ ಸುತ್ತಿಗೆ, ಒಂದು ಬೈರಿಗೆ, ಒಂದು ಸೀಸದಕಡ್ಡಿ. ಮೊದಲು ಬರಿಗಾಲಿನಲ್ಲಿ ನೆಲದ ಮೇಲೆ ನಿಧಾನವಾಗಿ ನಡೆದು, ಹಿಮ್ಮಡಿಯ ಕೆಳಗೆ ಹಲಗೆ ಬಳುಕುವ ಸ್ಥಾನಗಳಿಗೆ ಗುರುತು ಹಾಕಿಕೊಳ್ಳಬೇಕು. ಅನಂತರ ಸುತ್ತಿಗೆಯ ಹಿಡಿಯಿಂದ ಗೇಣಿಗೊಂದು ಸಲದಂತೆ ತಟ್ಟುತ್ತ ಹೋದರೆ, ಗಟ್ಟಿಯಾದ ಮರವು ಖಣಖಣಿಸುವ ಸ್ಪಷ್ಟ ಸ್ವರವನ್ನು ಕೊಡುತ್ತದೆ. ನೀರುಂಡ ಮರದ ಸ್ವರ ಮಂದವಾಗಿ ಅಲ್ಲಿಯೇ ಅಡಗಿಹೋಗುತ್ತದೆ. ಗಾಜಿನ ಪದರವು ಮರದಿಂದ ಬಿಟ್ಟುಕೊಂಡಲ್ಲಿ ಪೊಳ್ಳು ಸದ್ದು ಕೇಳಿಸುತ್ತದೆ.

ಕಿವಿಯ ಸಾಕ್ಷ್ಯಕ್ಕೆ ಕಣ್ಣಿನ ಸಾಕ್ಷ್ಯ ಸೇರಬೇಕು. ತೊಲೆಯ ಮೇಲ್ಭಾಗ ತೆರೆದಿರುವೆಡೆಯಲ್ಲಿ, ಇಲ್ಲವೆ ನೆಲವನ್ನು ಸ್ವಲ್ಪ ಕತ್ತರಿಸಿ ತೆರೆದುಕೊಂಡು, ಒಂದೊಂದು ಅಡಿಗೆ 5 ಮಿ.ಮೀ. ಅಗಲದ ರಂಧ್ರವನ್ನು ತೊಲೆಯೊಳಕ್ಕೆ ಕೊರೆದು, ಬೈರಿಗೆಯ ಸುರುಳಿಯೊಡನೆ ಬರುವ ಮರದ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಬೇಕು. ಪುಡಿಯು ಒಣಗಿದ್ದು, ಮಾಸಲು ಹಳದಿಯ ಬಣ್ಣದಲ್ಲಿ ಗರಿಗರಿಯಾಗಿ ಉದುರಿದರೆ ಆ ಭಾಗದ ತೊಲೆ ಆರೋಗ್ಯವಾಗಿದೆಯೆಂದು ತಿಳಿಯಬಹುದು. ಕಂದು ಅಥವಾ ಕಪ್ಪು ಬಣ್ಣದ ಮುದ್ದೆಯು ಬೆರಳಿಗಂಟಿ, ಹುಳಿತ ಎಲೆಗೊಬ್ಬರದ ವಾಸನೆ ಬಂದಿತೆಂದರೆ ಅಲ್ಲಿ ಮರವಿಲ್ಲ, ಮರದ ಶೇಷ ಮಾತ್ರವಿದೆ. ಕೊರೆಯುವಾಗ ತೊಲೆಯ ಎತ್ತರದಷ್ಟು ಅಳತೆಗೆ ಬೈರಿಗೆಯ ಮೇಲೆ ಟೇಪು ಸುತ್ತಿಕೊಳ್ಳುವುದು ಅವಶ್ಯ. ಇಲ್ಲದಿದ್ದರೆ ತಳವನ್ನೇ ತೂತು ಮಾಡುವ ಪ್ರಮಾದ ಸಂಭವಿಸುತ್ತದೆ. ಎಂಜಿನ್ ತೂಗುವ ಹಿಂಬದಿಯ ಗೋಡೆಯ ಒಳಗೂ ಮರವೇ ಇರುವುದರಿಂದ, ಅದರ ಬೋಲ್ಟುಗಳ ಬಳಿಯೂ ಇದೇ ಪರೀಕ್ಷೆಯನ್ನು ನಡೆಸಬೇಕು. ಪರೀಕ್ಷೆ ಮುಗಿದೊಡನೆ ಆರೋಗ್ಯವಾದ ಭಾಗದ ರಂಧ್ರಗಳನ್ನು ರೆಸಿನ್ನಿನಿಂದ ಮುಚ್ಚದೆ ಬಿಟ್ಟರೆ, ಪರೀಕ್ಷೆಯೇ ಮುಂದಿನ ಕೊಳೆಗೆ ಬಾಗಿಲಾಗುತ್ತದೆ.

ಮರವು ಚೆನ್ನಾಗಿದ್ದೂ ಹೊದಿಕೆ ಬಿಟ್ಟಿರುವ ಸಂದರ್ಭಗಳುಂಟು. ತೊಲೆಯು ತಳವನ್ನು ಸೇರುವ ಮೂಲೆಯಲ್ಲಿ ಬಿಳಿಯ ಗೀರು ಕಾಣಿಸಿದರೆ, ಅಥವಾ ತೆಳುವಾದ ಚಾಕುವಿನ ಅಲಗು ಅಲ್ಲಿ ನುಸುಳಿದರೆ, ಆ ತೊಲೆಯು ಭಾರವನ್ನು ಹಂಚುವ ಕಾರ್ಯದಿಂದ ನಿವೃತ್ತವಾಗಿದೆಯೆಂದೇ ಅರ್ಥ. ಅಂಥಲ್ಲಿ ಮರವನ್ನು ಬದಲಿಸದೆ ಹೊದಿಕೆಯನ್ನಷ್ಟೇ ಕೆರೆದು ತೆಗೆದು ಹೊಸದಾಗಿ ಹೊದಿಸಿದರೆ ಸಾಕು.

ಕಾಲನಿರ್ಣಯ

ಪಾಲಿಯೆಸ್ಟರ್ ರೆಸಿನ್ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ತೇವವಿರುವ ಮೇಲ್ಮೈಗೆ ಹಿಡಿಯುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಗಾಳಿಯೇ ನೀರಾಗಿರುತ್ತದೆ. ಮಾರ್ಗಶಿರ ಪುಷ್ಯಗಳ ಮುಂಜಾವಿನಲ್ಲಿ ಚಳಿ ಬಾಧಿಸುತ್ತದೆ. ಆದುದರಿಂದ ದೀಪಾವಳಿಯ ತರುವಾಯ ನೆಲವನ್ನು ಕಿತ್ತು, ಒಡಲನ್ನು ಚಳಿಗಾಲದ ಒಣಗಾಳಿಗೆ ಒಡ್ಡಿ, ರೆಸಿನ್ನಿನ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಟ್ಟುಕೊಳ್ಳುವುದು ಪ್ರಶಸ್ತ. ಒಡಲು ಒಣಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು, ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಅದರ ಮೇಲೆ ನಾಲ್ಕೂ ಅಂಚುಗಳಿಗೆ ಟೇಪು ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ಇನ್ನೂ ಕಾಯಬೇಕು. ಗಾಜಿನ ಹೊದಿಕೆಯೊಳಗೆ ಸಿಲುಕಿದ ತೊಲೆಯ ನೀರು ಬಿಸಿಲಿಗೆ ಹೊರಬಂದೀತೆಂಬ ಆಶೆ ಮಾತ್ರ ವ್ಯರ್ಥ.

ನೆಲವನ್ನು ಕೀಳುವ ವಿಧಾನ

ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಆಸನಗಳು, ಇವೆಲ್ಲವನ್ನು ಮೊದಲು ಹೊರತೆಗೆಯಬೇಕು. ನೆಲ ಮತ್ತು ತೊಲೆಗಳೆರಡೂ ಇಲ್ಲದ ಒಡಲು ತನ್ನ ಆಕಾರವನ್ನು ತಾನೇ ಕಾಪಾಡಿಕೊಳ್ಳಲಾರದು. ಅದರ ತಳವು ಒಂದೆಡೆ ಕುಸಿದು ಮತ್ತೊಂದೆಡೆ ಉಬ್ಬಿದರೆ, ಹೊಸ ತೊಲೆಗಳನ್ನು ಕೂಡಿಸಿದಾಗ ಆ ವಕ್ರತೆ ಶಾಶ್ವತವಾಗಿಬಿಡುತ್ತದೆ. ಆದಕಾರಣ ದೋಣಿಯನ್ನು ಸಮತಟ್ಟಾದ ನೆಲದ ಮೇಲೆ, ಮೆತ್ತೆ ಸುತ್ತಿದ ಮರದ ಊರೆಗಳ ಮೇಲೆ ಹಲವು ಕಡೆ ಆಧಾರ ಕೊಟ್ಟು ನಿಲ್ಲಿಸಿ, ರಸಮಟ್ಟವಿಟ್ಟು ಎರಡೂ ಪಕ್ಕದ ಅಂಚುಗಳು ಸಮವಾಗಿವೆಯೆಂದು ದೃಢಪಡಿಸಿಕೊಳ್ಳಬೇಕು. ಪಕ್ಕದಿಂದ ಪಕ್ಕಕ್ಕೆ ಎರಡು ಮೂರು ಮರದ ಪಟ್ಟಿಗಳನ್ನು ಅಡ್ಡಲಾಗಿ ಬಿಗಿದರೆ ಇನ್ನೂ ಕ್ಷೇಮ.

ಅನಂತರ ಯಂತ್ರದ ಗರಗಸದ ಅಲಗನ್ನು ಹಲಗೆ ಮತ್ತು ಅದರ ಮೇಲಿನ ಗಾಜಿನ ಪದರದ ಒಟ್ಟು ದಪ್ಪಕ್ಕೆ, ಅಂದರೆ ಸಾಧಾರಣವಾಗಿ 15 ಮಿ.ಮೀ.ಗೆ ಹೊಂದಿಸಿಕೊಂಡು, ಒಡಲಿನ ಪಕ್ಕದಿಂದ ಎರಡು ಅಂಗುಲ ಒಳಗೆ ಸುತ್ತಲೂ ಕತ್ತರಿಸಬೇಕು. ಹೊರಬಂದ ಹಲಗೆಯು ಎಷ್ಟೇ ಕೊಳೆತಿರಲಿ, ಹೊಸದರ ಅಳತೆಗೆ ಅದೇ ಮಾದರಿಯಾದುದರಿಂದ ಕೆಲಸ ಮುಗಿಯುವವರೆಗೆ ಅದನ್ನು ಜೋಪಾನವಾಗಿಡತಕ್ಕದ್ದು. ನೀರುಂಡ ಫೋಮನ್ನು ಪೂರ್ಣವಾಗಿ ಕಿತ್ತು ಹಾಕಬೇಕು. ಹಿಂಡಿದರೆ ನೀರು ಸುರಿಸುವ ಫೋಮು ತೇಲಿಸುವ ಗುಣವನ್ನು ಕಳೆದುಕೊಂಡು ಕೇವಲ ಭಾರವಾಗಿರುತ್ತದೆ. ಪ್ರತಿಯೊಂದು ತೊಲೆಯ ಸ್ಥಾನ, ಎತ್ತರ, ದಪ್ಪ, ತಳದ ಬಾಗು, ಇವುಗಳನ್ನು ಬರೆದಿಟ್ಟುಕೊಂಡು ಛಾಯಾಚಿತ್ರಗಳನ್ನೂ ತೆಗೆದಿಟ್ಟುಕೊಂಡ ಮೇಲೆಯೇ ಅದನ್ನು ಕೀಳಬೇಕು. ಎಲ್ಲ ತೊಲೆಗಳನ್ನೂ ಒಮ್ಮೆಗೇ ತೆಗೆಯದೆ, ಒಂದನ್ನು ಬದಲಿಸಿ ಅದು ಬಲಿತ ಮೇಲೆ ಇನ್ನೊಂದಕ್ಕೆ ಕೈಹಾಕಿದರೆ ಒಡಲು ಸೊಟ್ಟಗಾಗುವ ಭಯ ಕಡಿಮೆ.

ಕೊಳೆತ ಮರವನ್ನು ಉಳಿಯಿಂದ ತೆಗೆದಾದ ಮೇಲೆ, ತೊಲೆಯ ನೆಲೆಯಿಂದ ಎರಡೂ ಕಡೆಗೆ ನಾಲ್ಕು ನಾಲ್ಕು ಅಂಗುಲ ಒಡಲಿನ ಒಳಮೈಯನ್ನು 36 ಅಥವಾ 40ನೆಯ ನಂಬರಿನ ಒರಟು ಪೇಪರಿನಿಂದ ಉಜ್ಜಬೇಕು. ಗಟ್ಟಿಯಾದ ಹಳೆಯ ಪಾಲಿಯೆಸ್ಟರಿಗೆ ಹೊಸದು ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ. ಒರಟಾದ ಮೈಯನ್ನು ಕಚ್ಚಿ ಹಿಡಿಯುತ್ತದೆ, ಅಷ್ಟೇ. ಹೊಳಪು ಉಳಿದಲ್ಲೆಲ್ಲ ಬಂಧವು ಬಿಡುತ್ತದೆಂಬುದನ್ನು ಮರೆಯಬಾರದು. ಈ ಉಜ್ಜುವಿಕೆಯಲ್ಲಿ ಏಳುವ ಗಾಜಿನ ಧೂಳು ಚರ್ಮವನ್ನೂ ಶ್ವಾಸಕೋಶವನ್ನೂ ಪೀಡಿಸುವುದರಿಂದ, ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ, ಒಳ್ಳೆಯ ದರ್ಜೆಯ ಮುಖವಾಡಗಳಿಲ್ಲದೆ ತೊಡಗಲಾಗದು. ಕೆಲಸದ ಬಳಿಕ ಮೊದಲು ತಣ್ಣೀರಿನಲ್ಲಿಯೇ ಮೈತೊಳೆಯಬೇಕು. ಬಿಸಿನೀರು ನವೆಯನ್ನು ಹೆಚ್ಚಿಸುತ್ತದೆಂದು ಅನುಭವಸ್ಥರು ಹೇಳುತ್ತಾರೆ.

ಮರದ ಆಯ್ಕೆ

ಖಾನಾಪುರದಂಥ ಕಾಡಿನ ತಾಲ್ಲೂಕಿನಲ್ಲಿ ಬಡಿಗನ ಮೊದಲ ಸಲಹೆ ಸಾಗುವಾನಿಯೇ ಆಗಿರುವುದು ಸ್ವಾಭಾವಿಕ. ಬಾಗಿಲು ಚೌಕಟ್ಟುಗಳಿಗೆ ಸಾಗುವಾನಿಯನ್ನು ಮೀರಿದ ಮರವಿಲ್ಲವೆಂಬುದು ನಿಜ. ಆದರೆ ಯಾವ ನೈಸರ್ಗಿಕ ಎಣ್ಣೆಯು ಅದನ್ನು ಗೆದ್ದಲಿನಿಂದಲೂ ಮಳೆಯಿಂದಲೂ ಕಾಯುವುದೋ ಅದೇ ಎಣ್ಣೆಯು ಪಾಲಿಯೆಸ್ಟರ್ ರೆಸಿನ್ ಮರವನ್ನು ಹಿಡಿಯದಂತೆಯೂ ತಡೆಯುವುದರಿಂದ, ಗಾಜಿನ ಹೊದಿಕೆಯೊಳಗೆ ಕೂಡುವ ತೊಲೆಗೆ ಅದು ಯೋಗ್ಯವಲ್ಲ. ಮತ್ತಿ ಹೊನ್ನೆಗಳು ಬಲವಾದವಾದರೂ ದೋಣಿಗೆ ಅನಾವಶ್ಯಕ ಭಾರ. ಐಎಸ್ 710 ಎಂಬ ಮುದ್ರೆಯುಳ್ಳ ಮೆರೀನ್ ಪ್ಲೈವುಡ್ಡೇ ತೊಲೆಗೂ ನೆಲಕ್ಕೂ ತಕ್ಕುದು. ಪೀಠೋಪಕರಣಗಳಿಗೆ ಮಾರುವ ಐಎಸ್ 303 ಮುದ್ರೆಯ ಹಲಗೆಯು ಅಗ್ಗವಾದರೂ, ನಾಲ್ಕು ವರ್ಷದಲ್ಲಿ ಇದೇ ಕೆಲಸವನ್ನು ಮತ್ತೆ ಮಾಡಿಸುವ ಹಂಚಿಕೆ ಅದರಲ್ಲಡಗಿದೆ. ಹಲಗೆಯ ಉದ್ದ ಎಂಟೇ ಅಡಿಯಾದುದರಿಂದ ತೊಲೆಗೆ ಜೋಡಣೆ ಅನಿವಾರ್ಯ. ಜೋಡಿಸುವ ತುದಿಗಳನ್ನು ದಪ್ಪದ ಎಂಟು ಪಟ್ಟು ಉದ್ದಕ್ಕೆ, ಅಂದರೆ 18 ಮಿ.ಮೀ. ಹಲಗೆಯಾದರೆ 144 ಮಿ.ಮೀ. ಉದ್ದಕ್ಕೆ, ಓರೆಯಾಗಿ ಕೆತ್ತಿ ಅಂಟಿಸಬೇಕು. ಎರಡು ಪದರದ ತೊಲೆಯಾದರೆ ಎರಡರ ಜೋಡಣೆಗಳೂ ಒಂದೇ ಸ್ಥಾನದಲ್ಲಿ ಬಾರದಂತೆ ನೋಡಿಕೊಳ್ಳಬೇಕು.

ರೆಸಿನ್ನಿನ ವಿವೇಕ

ನಮ್ಮ ಪೇಟೆಗಳಲ್ಲಿ ಪಾಲಿಯೆಸ್ಟರ್ ರೆಸಿನ್ನಿನೊಡನೆ ಎರಡು ಸಣ್ಣ ಬಾಟಲಿಗಳನ್ನು ಕೊಡುವುದು ವಾಡಿಕೆ: ಒಂದರಲ್ಲಿ ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದರಲ್ಲಿ ನೀರಿನಂತೆ ತಿಳಿಯಾದ ಹಾರ್ಡನರ್. ಇವೆರಡನ್ನು ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಕೂಡದು. ಬೆರೆಸಿದರೆ ಸಿಡಿದು ಬೆಂಕಿ ಹತ್ತುವ ಅಪಾಯವುಂಟು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡನರನ್ನು ಸೇರಿಸಬೇಕು. ಕೋಬಾಲ್ಟ್ ಮೊದಲೇ ಬೆರೆತ ರೆಸಿನ್ನನ್ನು ಕೊಳ್ಳುವುದು ಹೊಸಬರಿಗೆ ಕ್ಷೇಮಕರ. ಹಾರ್ಡನರಿನ ಪ್ರಮಾಣವು ರೆಸಿನ್ನಿನ ತೂಕದ ನೂರಕ್ಕೆ 1ರಿಂದ 2. ಬೇಸಗೆಯ ಮಧ್ಯಾಹ್ನ 1ರ ಸಮೀಪ, ತಂಪಿನ ಹೊತ್ತಿನಲ್ಲಿ 2ರ ಸಮೀಪ.

ಬೆರೆಸಿದ ರೆಸಿನ್ನು ಸುಮಾರು ಕಾಲುಗಂಟೆ ಮಾತ್ರ ಕೈಗೆ ಬಗ್ಗುತ್ತದೆ. ಡಬ್ಬಿಯ ಹೊರಮೈ ಅಂಗೈಗೆ ಬೆಚ್ಚಗೆ ತಗಲಿ, ಕುಂಚದ ತುದಿಯಿಂದ ಎಳೆ ಎಳೆಯಾಗಿ ಜಗ್ಗತೊಡಗಿ, ಕೆಲವೇ ನಿಮಿಷಗಳಲ್ಲಿ ಅಡಕೆಯ ಒಗರಿನಂತೆ ಗಂಟುಗಂಟಾಗುವ ಆ ಕ್ಷಣದಲ್ಲಿ ಉಳಿದುದನ್ನು ಲೋಭದಿಂದ ಬಳಿಯಲು ಹೋಗದೆ ಬಿಸಾಡಬೇಕು. ಆದುದರಿಂದ ಅರ್ಧ ಕಿಲೋವಿಗಿಂತ ಹೆಚ್ಚನ್ನು ಒಮ್ಮೆಗೆ ಬೆರೆಸುವುದು ಜಾಣತನವಲ್ಲ. ಗಾಜಿನ ಮ್ಯಾಟಿಗೆ ಅದರ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ನು ಬೇಕಾಗುತ್ತದೆ. ನೇಯ್ದ ರೋವಿಂಗ್ ಬಟ್ಟೆಗೆ ಹೆಚ್ಚುಕಡಿಮೆ ಸಮತೂಕ ಸಾಕು. ಇಪಾಕ್ಸಿಯು ಹಳೆಯ ಮೈಗೂ ಮರಕ್ಕೂ ಹೆಚ್ಚು ಬಲವಾಗಿ ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಎರಡರಲ್ಲಿ ಒಂದನ್ನೇ ಆರಿಸಿ ಕೊನೆಯವರೆಗೆ ಅನುಸರಿಸಬೇಕು. ಗಟ್ಟಿಯಾದ ಇಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯದು.

ತೊಲೆ ಮತ್ತು ನೆಲದ ಪ್ರತಿಷ್ಠೆ

ಕೆತ್ತಿ ಸಿದ್ಧವಾದ ತೊಲೆಯ ಎಲ್ಲ ಮೈಗಳಿಗೂ ಅಂಚುಗಳಿಗೂ ಮೊದಲು ಒಂದು ಕೈ ರೆಸಿನ್ ಬಳಿಯಬೇಕು. ತೊಲೆಯ ಅಂಚು ಒಡಲಿನ ತಳವನ್ನು ನೇರವಾಗಿ ಒತ್ತಿದರೆ, ಅಲೆಯ ಪೆಟ್ಟು ಬಿದ್ದಾಗಲೆಲ್ಲ ಆ ಗೆರೆಯಲ್ಲಿಯೇ ಒತ್ತಡ ಸೇರಿ ತಳ ಬಿರಿಯುತ್ತದೆ. ಅದಕ್ಕಾಗಿ ರೆಸಿನ್ನಿಗೆ ಗಟ್ಟಿಗೊಳಿಸುವ ಪುಡಿಯನ್ನು ಬೆರೆಸಿ ಹೂರಣದ ಹದಕ್ಕೆ ತಂದು, ಅದರ ಹಾಸಿನ ಮೇಲೆ ತೊಲೆಯನ್ನು ಕೂಡಿಸಿ, ಇಕ್ಕೆಲದ ಮೂಲೆಗಳನ್ನು ಅದೇ ಪದಾರ್ಥದಿಂದ ಗುಂಡಗೆ ತೀಡಬೇಕು. ಗಾಜಿನ ಮ್ಯಾಟು ಚೂಪಾದ ಮೂಲೆಯಲ್ಲಿ ಕೂಡದೆ ಕೆಳಗೆ ಗಾಳಿಗುಳ್ಳೆಯನ್ನು ಉಳಿಸುತ್ತದೆ. ಬಳಿಕ ಚದರ ಮೀಟರಿಗೆ 450 ಗ್ರಾಮಿನ ಮ್ಯಾಟಿನ ಮೂರು ಪದರಗಳನ್ನು, ಮೊದಲನೆಯದು ನಾಲ್ಕು ಅಂಗುಲ, ಎರಡನೆಯದು ಆರು, ಮೂರನೆಯದು ಎಂಟು ಅಂಗುಲ ಅಗಲವಾಗಿ, ಅರ್ಧ ತೊಲೆಯ ಮೇಲೂ ಅರ್ಧ ಒಡಲಿನ ಮೇಲೂ ಬರುವಂತೆ ಹಾಸಿ, ಉಕ್ಕಿನ ರೋಲರಿನಿಂದ ಗುಳ್ಳೆಗಳನ್ನು ಒತ್ತಿ ತೆಗೆಯಬೇಕು. ತೊಲೆಯ ತಲೆಯನ್ನೂ ಮುಚ್ಚಲು ಮರೆಯಬಾರದು. ಅಡ್ಡಪಟ್ಟಿಗಳ ತಳದಲ್ಲಿ ನೀರು ಹಿಂಬದಿಯ ಬೂಚಿನ ಕಡೆಗೆ ಹರಿದುಹೋಗಲು ಕಂಡಿಗಳನ್ನು ಬಿಟ್ಟು, ಆ ಕಂಡಿಗಳ ಒಳಮೈಗೂ ರೆಸಿನ್ ಬಳಿಯುವುದು ಕಡ್ಡಾಯ. ಕತ್ತರಿಸಿದ ಮರದ ಒಂದೇ ಒಂದು ಅಂಚು ಬರಿದಾಗಿ ಉಳಿದರೂ ನೀರು ಅದನ್ನು ಹುಡುಕಿಕೊಂಡು ಹೋಗುತ್ತದೆ.

ಫೋಮನ್ನು ತೆಗೆದಷ್ಟೂ ಪುನಃ ತುಂಬಬೇಕು. ಒಂದು ಘನ ಅಡಿ ಹೊಸ ಫೋಮು ಸುಮಾರು 27 ಕಿಲೋ ಭಾರವನ್ನು ತೇಲಿಸಬಲ್ಲುದು. ಅದನ್ನು ಕೈಬಿಟ್ಟ ದೋಣಿಯು ನೀರು ತುಂಬಿದೊಡನೆ ಎಂಜಿನ್ನಿನ ಸಮೇತ ತಳ ಸೇರುತ್ತದೆ. ನೀರು ಹೀರದ, ಎರಡು ದ್ರವಗಳನ್ನು ಬೆರೆಸಿ ಉಬ್ಬಿಸುವ ಪಾಲಿಯುರೆಥೇನ್ ಫೋಮನ್ನೇ ಬಳಸಿ, ತಳದಲ್ಲಿ ನೀರಿನ ಹಾದಿಯನ್ನು ಮುಚ್ಚದಂತೆ ಎಚ್ಚರ ವಹಿಸಬೇಕು.

ನೆಲಕ್ಕೆ 12 ಮಿ.ಮೀ. ಹಲಗೆ ಸಾಲುತ್ತದೆ, ತೊಲೆಗಳ ನಡುವಣ ಅಂತರ ಒಂದೂವರೆ ಅಡಿಯನ್ನು ಮೀರಿದರೆ 18 ಮಿ.ಮೀ. ಬೇಕು. ಹಲಗೆಗಳ ಸಂದು ತೊಲೆಯ ಮೇಲೆಯೇ ಬರುವಂತೆ ಕತ್ತರಿಸಿ, ಅಡಿಮೈಗೆ ಎರಡು ಕೈ ರೆಸಿನ್ ಬಳಿದು ಒಣಗಿಸಿದ ಮೇಲೆ ಕೂಡಿಸಬೇಕು, ಏಕೆಂದರೆ ಮುಂದೆ ಆ ಮೈಯನ್ನು ಕಾಣುವ ಅವಕಾಶ ದೊರೆಯದು. ಸ್ಟೇನ್‌ಲೆಸ್ ತಿರುಪುಗಳಿಂದ ಬಿಗಿದು, ಅವುಗಳ ತಲೆಗಳನ್ನು ಮುಚ್ಚಿ, ಮೇಲೆ ಎರಡು ಪದರ ಮ್ಯಾಟನ್ನು ಒಡಲಿನ ಪಕ್ಕಗಳ ಮೇಲೆ ಮೂರು ಅಂಗುಲ ಏರುವಂತೆ ಹೊದಿಸಬೇಕು. ಒಳಗನ್ನು ಆಗಾಗ ನೋಡಲು ಮುಚ್ಚಳವುಳ್ಳ ಒಂದು ಕಿಂಡಿಯನ್ನು ಹಿಂಬದಿಯಲ್ಲಿ ಇರಿಸುವುದು ಅಲ್ಪವ್ಯಯದ ದೊಡ್ಡ ಉಪಕಾರ. ಮುಂದೆ ಆಸನಕ್ಕಾಗಿ ಕೊರೆಯುವ ಪ್ರತಿಯೊಂದು ರಂಧ್ರಕ್ಕೂ ತಿರುಪು ಹಾಕುವ ಮುನ್ನ ಸೀಲಂಟ್ ತುಂಬತಕ್ಕದ್ದು.

ನಿರ್ಧಾರ ಮತ್ತು ಪಾಲನೆ

ತೊಲೆಗಳೂ ನೆಲವೂ ಹಿಂಬದಿಯ ಗೋಡೆಯೂ ಕೂಡಿ ಕೆಟ್ಟು, ತಳದ ಹೊರಮೈಯಲ್ಲಿಯೂ ಬಿರುಕುಗಳು ಕಂಡರೆ, ದುರಸ್ತಿಯ ವೆಚ್ಚವು ಮತ್ತೊಂದು ದೋಣಿಯ ಬೆಲೆಯನ್ನು ಮುಟ್ಟುವುದರಿಂದ ಆ ದೋಣಿಯನ್ನು ಕೈಬಿಡುವುದೇ ಲೇಸು. ಯಂತ್ರ ಹೂಡಿದ ದೋಣಿಗೆ 2021ರ ಒಳನಾಡು ಹಡಗುಗಳ ಕಾಯಿದೆಯ ಮೇರೆಗೆ ತಪಾಸಣೆ ಮತ್ತು ನೋಂದಣಿಯ ಕಟ್ಟಳೆಗಳಿರುವುದರಿಂದ, ರಚನೆಯನ್ನು ಮಾರ್ಪಡಿಸುವ ಮೊದಲು ಸಂಬಂಧಪಟ್ಟ ಅಧಿಕಾರಿಗಳನ್ನು ವಿಚಾರಿಸಿಕೊಳ್ಳುವುದೂ ಉಚಿತ.

ಹೊಸದಾಗಿಸಿದ ದೋಣಿಯನ್ನು ಕಾಯುವುದು ಕಷ್ಟವಲ್ಲ. ದಡಕ್ಕೆ ತಂದೊಡನೆ ಹಿಂಬದಿಯ ಬೂಚನ್ನು ತೆಗೆದು, ಮೂತಿಯನ್ನು ಎತ್ತರಿಸಿ ನಿಲ್ಲಿಸಿ, ನೀರು ನಿಲ್ಲದಂತೆ ಇಳಿಜಾರಾಗಿ ತಾಡಪತ್ರಿ ಹೊದಿಸಿ, ಗಾಳಿಯಾಡಲು ಎರಡು ತುದಿಗಳನ್ನು ತೆರೆದು ಬಿಟ್ಟರೆ ಮಳೆಗಾಲ ಸುಗಮವಾಗಿ ಕಳೆಯುತ್ತದೆ. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ನದೀತೀರದ ಊರುಗಳಲ್ಲಿ, ಪ್ರವಾಹಕಾಲಕ್ಕೆಂದು ದೋಣಿಯನ್ನಿರಿಸಿಕೊಂಡ ಪಂಚಾಯಿತಿಗಳೂ ಯುವಕ ಸಂಘಗಳೂ ಸುತ್ತಿಗೆ ಬೈರಿಗೆಗಳ ಪರೀಕ್ಷೆಯನ್ನು ಪ್ರತಿವರ್ಷ ಸಂಕ್ರಾಂತಿಯೊಳಗಾಗಿ ಮುಗಿಸಿ, ದುರಸ್ತಿಯನ್ನು ಯುಗಾದಿಯ ಹೊತ್ತಿಗೆ ತೀರಿಸಿಕೊಳ್ಳುವುದು ಯುಕ್ತ. ಆಷಾಢದಲ್ಲಿ ನೆಲ ಮೆತ್ತಗಾದುದು ಕಂಡುಬಂದರೆ ಆಗ ಮರ ಒಣಗುವುದಿಲ್ಲ, ರೆಸಿನ್ನು ಹಿಡಿಯುವುದಿಲ್ಲ, ಆ ದೋಣಿಗೆ ಜನರನ್ನು ಹತ್ತಿಸುವ ಧೈರ್ಯವೂ ಯಾರಿಗೂ ಬರುವುದಿಲ್ಲ.